ಬ್ರಿಟಿಷ್ ಸೈಕ್ಲಿಂಗ್ ಸದಸ್ಯತ್ವ: ರಸೀದಿಯಲ್ಲಿ ಕಾಣದ ಬೆಲೆ

ಬ್ರಿಟನ್ನಿನಲ್ಲಿ ಸೈಕಲ್ ತುಳಿಯುವವರಿಗೆ ಅಲ್ಲಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಾದ ಬ್ರಿಟಿಷ್ ಸೈಕ್ಲಿಂಗ್‌ನ ಸದಸ್ಯತ್ವದಿಂದ ಸಿಗುವ ಅನುಕೂಲಗಳ ಬಗ್ಗೆ ನನಗೆ ತಕರಾರಿಲ್ಲ. ಸವಾರಿಯಲ್ಲಿ ನಮ್ಮಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಪರಿಹಾರ ಭರಿಸುವ ಥರ್ಡ್ ಪಾರ್ಟಿ ವಿಮೆ, ನಾವೇ ಗಾಯಗೊಂಡಾಗ ವಕೀಲರ ನೆರವು, ಸ್ಪರ್ಧೆಗೆ ಇಳಿಯುವವರಿಗೆ ರೇಸ್ ಲೈಸೆನ್ಸ್, ಇವೆಲ್ಲ ಕೊಟ್ಟ ಶುಲ್ಕಕ್ಕೆ ತಕ್ಕ ಸೇವೆಗಳೇ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮುಂದೆ ಬರೆಯುವುದೆಲ್ಲ ಇದೇ ಸದಸ್ಯತ್ವದ ಇನ್ನೊಂದು ಬೆಲೆಯ ಕುರಿತಾದದ್ದು. ಆ ಬೆಲೆ ರಸೀದಿಯಲ್ಲಿ ನಮೂದಾಗುವುದಿಲ್ಲ.

2022ರ ಅಕ್ಟೋಬರ್ 10ರಂದು ಈ ಸಂಸ್ಥೆ ತೈಲ ಮತ್ತು ಅನಿಲದ ಕಂಪನಿ ಶೆಲ್ ಯುಕೆಯೊಂದಿಗೆ 8 ವರ್ಷಗಳ, ಅಂದರೆ 2030ರ ಕೊನೆಯವರೆಗಿನ ಪ್ರಾಯೋಜಕತ್ವದ ಒಪ್ಪಂದವನ್ನು ಪ್ರಕಟಿಸಿತು. ಸಂಸ್ಥೆಯ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸಲು, ರಾಷ್ಟ್ರೀಯ ತಂಡಕ್ಕೆ ಹೊಸ ತಂತ್ರಜ್ಞಾನ ಒದಗಿಸಲು ಮತ್ತು ಅಂಗವಿಕಲರಿಗೆ ಸೈಕ್ಲಿಂಗ್ ಸುಲಭವಾಗಿ ಎಟುಕುವಂತೆ ಮಾಡಲು ಈ ಸಹಯೋಗ ನೆರವಾಗುತ್ತದೆ ಎಂಬುದು ಅಂದು ಕೊಟ್ಟ ವಿವರಣೆ. ಗ್ರೀನ್‌ಪೀಸ್, ಫ್ರೆಂಡ್ಸ್ ಆಫ್ ದಿ ಅರ್ತ್ ಮುಂತಾದ ಪರಿಸರ ಸಂಘಟನೆಗಳು ಕೂಡಲೇ ಖಂಡಿಸಿದವು. ಅನೇಕ ಸದಸ್ಯರು ತಮ್ಮ ಸದಸ್ಯತ್ವ ರದ್ದುಪಡಿಸಿಕೊಂಡಿರುವುದಾಗಿ ಬಹಿರಂಗವಾಗಿಯೇ ಹೇಳಿದರು.

ಒಪ್ಪಂದವನ್ನು ಸಮರ್ಥಿಸುವವರ ಮಾತಿನಲ್ಲಿ ತೂಕವಿದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಿಂದಿನ ಮುಖ್ಯ ಪ್ರಾಯೋಜಕನಾಗಿದ್ದ ಎಚ್‌ಎಸ್‌ಬಿಸಿ ಬ್ಯಾಂಕ್ ಅವಧಿ ಮುಗಿಯುವ ಮುಂಚೆಯೇ ಹಿಂದೆ ಸರಿದಿತ್ತು. ಕೈಯಿಂದ ಪೆಡಲ್ ತಿರುಗಿಸುವ ಹ್ಯಾಂಡ್‌ಸೈಕಲ್ಲು, ದೃಷ್ಟಿಯಿಲ್ಲದವರು ಜೊತೆಗಾರರೊಂದಿಗೆ ತುಳಿಯುವ ಟ್ಯಾಂಡಮ್, ಮೂರು ಚಕ್ರದ ಸೈಕಲ್ಲು ಯಾವುವೂ ಅಗ್ಗವಲ್ಲ. ಇವಿಲ್ಲದೆ ಮನೆಯಲ್ಲೇ ಉಳಿಯಬೇಕಾದ ಒಬ್ಬ ಹುಡುಗಿಗೆ, ಹಣ ಎಲ್ಲಿಂದ ಬಂತೆಂಬ ಪ್ರಶ್ನೆಗಿಂತ ಹಣ ಬಂತೇ ಎಂಬ ಪ್ರಶ್ನೆಯೇ ದೊಡ್ಡದಾಗಿ ಕಂಡರೆ ಅದು ಅವಳ ತಪ್ಪಲ್ಲ. ಆದರೆ ಇದೇ ಕಾರಣಕ್ಕೆ ನನಗೆ ಒಪ್ಪಂದದ ರಚನೆ ನೋವುಂಟುಮಾಡುತ್ತದೆ: ಯಾರೂ ವಿರೋಧಿಸಲು ಮುಂದಾಗದ ಅತ್ಯಂತ ನ್ಯಾಯವಾದ ಕೆಲಸವನ್ನೇ, ಎಲ್ಲರೂ ವಿರೋಧಿಸಬಹುದಾದ ಹೆಸರಿನ ಪಕ್ಕದಲ್ಲಿ ತಂದು ನಿಲ್ಲಿಸಲಾಗಿದೆ.

ಶೆಲ್ ಇದರಿಂದ ಪಡೆಯುವುದೇನು? 2022ರಲ್ಲಿ ಸುಮಾರು 4,000 ಕೋಟಿ ಡಾಲರ್ ಲಾಭ ಗಳಿಸಿದ, ಅದರ ಬಹುಪಾಲನ್ನು ತೈಲ ಮತ್ತು ಅನಿಲದಿಂದಲೇ ಗಳಿಸಿದ ಕಂಪನಿಗೆ ಸೈಕಲ್ ಸವಾರರು ದೊಡ್ಡ ಗಿರಾಕಿಗಳೇನಲ್ಲ. ಅದಕ್ಕೆ ಬೇಕಾದದ್ದು ಸೈಕಲ್ಲಿಗೆ ಇರುವ ಒಳ್ಳೆಯ ಹೆಸರು. ಹೊಗೆಯಿಲ್ಲ, ಸದ್ದಿಲ್ಲ, ತುಳಿದವರ ಮೈಬೆವರೇ ಇಂಧನ ಎಂಬ ಈ ಹೆಸರನ್ನು ಕಟ್ಟಿದ್ದು ಯಾವ ಕಾರ್ಯಕಾರಿ ಮಂಡಳಿಯೂ ಅಲ್ಲ. ಮಳೆಯಲ್ಲೂ ಚಳಿಯಲ್ಲೂ ಕಾರನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದ ಲಕ್ಷಾಂತರ ಜನ. ಆ ಹೆಸರನ್ನು ಎರವಲು ಕೊಡುವ ಮುನ್ನ ಅದನ್ನು ಕಟ್ಟಿದವರ ಮತ ಕೇಳಲಿಲ್ಲ ಎಂಬುದೇ ಈ ಸೇವೆಯಲ್ಲಿ ನಾನು ಕಾಣುವ ಮುಖ್ಯ ದೋಷ.

ಇಂಥ ಎರವಲು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯೇ ಉತ್ತರ ಕೊಟ್ಟಿದೆ. 2023ರ ಜೂನ್‌ನಲ್ಲಿ ಅದು ಶೆಲ್‌ನ ಕೆಲವು ಜಾಹೀರಾತುಗಳನ್ನು ತಡೆಯಿತು. ಬ್ರಿಸ್ಟಲ್ ನಗರದಲ್ಲಿ ಹಾಕಿದ್ದ ಒಂದು ಭಿತ್ತಿಪತ್ರವೂ ಅವುಗಳಲ್ಲಿ ಸೇರಿತ್ತು. ಅವುಗಳಲ್ಲಿ ನವೀಕರಿಸಬಹುದಾದ ವಿದ್ಯುತ್ತು, ವಿದ್ಯುತ್ ವಾಹನಗಳ ಚಾರ್ಜಿಂಗ್ ಮುಂತಾದವನ್ನು ಎತ್ತಿ ತೋರಿಸಿ, ಕಂಪನಿಯ ವ್ಯವಹಾರದ ಬಹುಭಾಗ ಇನ್ನೂ ತೈಲ ಮತ್ತು ಅನಿಲದ್ದೇ ಎಂಬುದನ್ನು ಬಿಟ್ಟಿದ್ದರಿಂದ ನೋಡುವವರು ತಪ್ಪು ತಿಳಿಯುವ ಸಾಧ್ಯತೆಯಿದೆ ಎಂಬುದು ಅದರ ತೀರ್ಮಾನವಾಗಿತ್ತು. ಒಂದು ಭಿತ್ತಿಪತ್ರದಲ್ಲಿ ಹೀಗೆ ಮಾಡುವುದು ತಪ್ಪಾದರೆ, ಅದೇ ಕೆಲಸವನ್ನು 8 ವರ್ಷ ಒಂದು ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಮೂಲಕ ಮಾಡಿಸುವುದು ಸರಿಯಾಗುವುದು ಹೇಗೆ? ಇಷ್ಟಕ್ಕೂ ನಿವ್ವಳ ಶೂನ್ಯದ ದಾರಿ ತೋರಿಸಲು ಬಂದ ಈ ಕಂಪನಿಯೇ 2024ರ ಮಾರ್ಚ್‌ನಲ್ಲಿ ತನ್ನ ಇಂಗಾಲ ತೀವ್ರತೆಯನ್ನು, ಅಂದರೆ ಮಾರುವ ಪ್ರತಿ ಘಟಕ ಶಕ್ತಿಗೆ ಹೊರಬೀಳುವ ಇಂಗಾಲವನ್ನು, 2030ರೊಳಗೆ ಶೇಕಡಾ 20ರಷ್ಟು ಇಳಿಸುವ ಗುರಿಯನ್ನು ಸಡಿಲಿಸಿ, ಶೇಕಡಾ 15ರಿಂದ 20ರ ನಡುವೆ ಇಳಿಸಿದರೆ ಸಾಕು ಎಂದಿತು. 2035ರ ಗುರಿಯನ್ನು ಕೈಬಿಟ್ಟಿತು.

ವೃತ್ತಿಪರ ತಂಡಗಳಲ್ಲಿ ಇಂಥ ಹಣ ಹೊಸದಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. 2018ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸಮುದ್ರದ ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ತಿಮಿಂಗಿಲದ ಚಿತ್ರವಿದ್ದ ಜೆರ್ಸಿ ತೊಟ್ಟಿದ್ದ ಟೀಮ್ ಸ್ಕೈ, 2019ರ ಮೇ ತಿಂಗಳಲ್ಲಿ ಪೆಟ್ರೋಕೆಮಿಕಲ್ ಕಂಪನಿ ಇನಿಯೋಸ್‌ನ ತಂಡವಾಯಿತು. ಫ್ರಾನ್ಸಿನ ಒಂದು ತಂಡಕ್ಕೆ ತೈಲ ಕಂಪನಿ ಟೋಟಲ್‌ಎನರ್ಜೀಸ್ ತನ್ನ ಹೆಸರು ಕೊಟ್ಟಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆಯುವ ಟೂರ್ ಡೌನ್ ಅಂಡರ್ ರೇಸ್‌ಗೆ ಅನಿಲ ಕಂಪನಿ ಸ್ಯಾಂಟೋಸ್‌ನ ಹೆಸರಿದೆ. ಇವು ಯಾವುವೂ ನನಗೆ ಹಿತವಲ್ಲ. ಆದರೂ ವೃತ್ತಿಪರ ತಂಡಕ್ಕೆ ಟಿಕೆಟ್ ಹಣವಿಲ್ಲ, ಅದು ಪ್ರಾಯೋಜಕನ ಹೆಸರಿನಿಂದಲೇ ಬದುಕುತ್ತದೆ, ಹಿಡಿಸದವರು ಬೇರೆ ತಂಡವನ್ನು ಬೆಂಬಲಿಸಬಹುದು. ರಾಷ್ಟ್ರೀಯ ಸಂಸ್ಥೆಯ ವಿಷಯದಲ್ಲಿ ಆ ದಾರಿಯಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಓಡಬೇಕಾದ ಯುವತಿ ಲೈಸೆನ್ಸ್‌ಗಾಗಿ ಇದೇ ಬಾಗಿಲಿಗೆ ಬರಬೇಕು, ಮತ್ತು ಸಂಸ್ಥೆ ಸಾರ್ವಜನಿಕ ಹಣವನ್ನೂ ಪಡೆಯುತ್ತದೆ. ಬೇರೆ ಬಾಗಿಲಿಲ್ಲದ ಕಡೆ ಹೊಣೆ ಹೆಚ್ಚಾಗುತ್ತದೆ.

ನಾನು ಹಿಂದೆ ಸವಾರಿ ಮಾಡುತ್ತಿದ್ದ ಒಂದು ಚಿಕ್ಕ ಕ್ಲಬ್ಬಿಗೆ ಇಂಧನ ವ್ಯಾಪಾರಿಯೊಬ್ಬರು ಜೆರ್ಸಿ ಕೊಡಿಸಲು ಮುಂದೆ ಬಂದಿದ್ದರು. ಒಂದು ಸಂಜೆಯೆಲ್ಲ ಚರ್ಚೆ ನಡೆದು, ಕೈ ಎತ್ತಿ ಮತ ಹಾಕಿ, ಕೊನೆಗೆ ಒಪ್ಪಿಕೊಂಡೆವು. ನಾನು ವಿರುದ್ಧ ಮತ ಹಾಕಿದ್ದೆ, ಇಂದೂ ಹಾಗೆಯೇ ಹಾಕುತ್ತೇನೆ. ಆದರೆ ನನ್ನನ್ನು ಕೇಳಿದ್ದರು ಎಂಬ ಕಾರಣಕ್ಕೆ ಆ ಕ್ಲಬ್ಬು ನನ್ನದಾಗಿಯೇ ಉಳಿಯಿತು.

ಹಣ ಇಲ್ಲದೆ ಕ್ರೀಡೆ ನಿಲ್ಲುತ್ತದೆ ಎಂಬ ಭಯವನ್ನು ತಂಬಾಕಿನ ಕಾಲದಲ್ಲೂ ಕೇಳಿದ್ದೆವು. ಬ್ರಿಟನ್ನಿನ 2002ರ ಕಾಯ್ದೆ ತಂಬಾಕು ಪ್ರಾಯೋಜಕತ್ವಕ್ಕೆ ಹಂತಹಂತವಾಗಿ ತೆರೆ ಎಳೆಯಿತು. ಸ್ನೂಕರ್‌ನ ವಿಶ್ವ ಚಾಂಪಿಯನ್‌ಷಿಪ್ 2005ರ ನಂತರ ಎಂಬಸಿ ಸಿಗರೇಟಿನ ಹೆಸರಿಲ್ಲದೆ ನಡೆಯಿತು, ಇಂದೂ ನಡೆಯುತ್ತಿದೆ. ಟೇಟ್ ಕಲಾ ಗ್ಯಾಲರಿಗಳು 2017ರಲ್ಲಿ, ರಾಯಲ್ ಶೇಕ್ಸ್‌ಪಿಯರ್ ಕಂಪನಿ 2019ರಲ್ಲಿ ತೈಲ ಕಂಪನಿ ಬಿಪಿಯ ಹಣದ ನಂಟು ಮುಗಿಸಿದವು. ಅವುಗಳ ಬಾಗಿಲು ಮುಚ್ಚಲಿಲ್ಲ.

ಹಾಗಾಗಿ ಓದುಗರಿಗೆ ನನ್ನ ಸಲಹೆ ಹೀಗಿದೆ. ವಿಮೆ ಮತ್ತು ವಕೀಲರ ನೆರವು ಮಾತ್ರ ಬೇಕಾದವರು 1878ರಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘ ಸೈಕ್ಲಿಂಗ್ ಯುಕೆಯ ಸದಸ್ಯತ್ವವನ್ನು ಮೊದಲು ನೋಡಲಿ. ಈ ಎರಡೂ ಅಲ್ಲಿ ಸಿಗುತ್ತವೆ. ಸ್ಪರ್ಧಿಸುವವರು ಬ್ರಿಟಿಷ್ ಸೈಕ್ಲಿಂಗ್ ಬಿಡಬೇಕಿಲ್ಲ. ಈ ಸಂಸ್ಥೆ 1959ರಲ್ಲಿ ರೂಪುಗೊಂಡದ್ದೇ ಎರಡು ಬಣಗಳು ಒಂದಾಗಿ. ಅವುಗಳಲ್ಲಿ ಒಂದು, ರಸ್ತೆಯಲ್ಲಿ ಸಾಮೂಹಿಕ ರೇಸ್ ಬೇಡವೆಂದ ಅಂದಿನ ರಾಷ್ಟ್ರೀಯ ಒಕ್ಕೂಟಕ್ಕೆ ಸೆಡ್ಡು ಹೊಡೆದು 1942ರಲ್ಲಿ ಸವಾರರೇ ಕಟ್ಟಿಕೊಂಡದ್ದು. ಆ ಪರಂಪರೆಯ ಸದಸ್ಯರು ತಮ್ಮ ಪ್ರಾದೇಶಿಕ ಪ್ರತಿನಿಧಿಗಳ ಮೂಲಕ ಒಂದೇ ಒಂದು ನಿಯಮವನ್ನು ಕೇಳಲಿ: ಪ್ರಾಯೋಜಕರ ಹೆಸರು, ಮೊತ್ತ ಮತ್ತು ಷರತ್ತುಗಳು ಸಹಿ ಬೀಳುವ ಮೊದಲೇ ಸದಸ್ಯರ ಮುಂದೆ ಬಂದು ಮತಕ್ಕೆ ಹೋಗಬೇಕು. ಸೇವೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. 2022ರ ಆ ತೀರ್ಮಾನಕ್ಕೆ ಒಂದನ್ನೂ ಕೊಡಲಾರೆ.