ಸಿ ಪ್ಲಸ್ ಪ್ಲಸ್ 20ರ ವರ್ಷದ ಲಿಟರಲ್: ಸುಮಾರು ವರ್ಷ ಬಳಸಿದ ಮೇಲೆ

ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್ ಭಾಷೆಯ 2020ರ ಆವೃತ್ತೀಲಿ, ತಾರೀಕು-ಸಮಯ ನೋಡ್ಕೊಳ್ಳೋ ಕ್ರೋನೋ ಲೈಬ್ರರೀಲಿ ಇಸವಿ ಬರೆಯೋಕೆ ಅಂಕಿ ಪಕ್ಕ ಸಣ್ಣ ವೈ (y) ಅಕ್ಷರ ಹಚ್ತೀವಲ್ಲ, ಆ ಲಿಟರಲ್ಲನ್ನ (ಕೋಡಲ್ಲಿ ನೇರವಾಗಿ ಬರೆಯೋ ಬೆಲೆ) ಲೋನ್ ಕಂತಿನ ಲೆಕ್ಕ ಹಾಕೋ ಸಾಫ್ಟ್‌ವೇರಲ್ಲಿ ಬಳಸ್ತಾ ಬಂದಿದೀನಿ, ಅದೂ ಸ್ಟ್ಯಾಂಡರ್ಡ್‌ಗೆ ಸೇರೋಕೂ ಮುಂಚೆ, ಇದಕ್ಕೆ ಮೂಲವಾದ ಹೋವರ್ಡ್ ಹಿನ್ನಂಟ್ ಅವರ ಡೇಟ್ ಲೈಬ್ರರಿ ಕಾಲದಿಂದ್ಲೂ. ಆಗ ಮಧ್ಯ ಒಂದು ಅಂಡರ್‌ಸ್ಕೋರ್ ಬೇಕಿತ್ತು, ಈಗ ಬರೀ 2024ವೈ ಸಾಕು. ನಂಗೆ ತುಂಬಾ ಇಷ್ಟ ಇದು, ಆದ್ರೆ ಕಣ್ಮುಚ್ಕೊಂಡು ಬಳಸೋ ಹಾಗಿಲ್ಲ.

ಹಳೇ ಸಿ ಕೋಡ್ ನೋಡಿದೋರಿಗೆ ಗೊತ್ತು, ವರ್ಷ 1900ರಿಂದ ಎಣಿಸ್ಬೇಕು, ತಿಂಗಳು ಸೊನ್ನೆಯಿಂದ, ತಾರೀಕು ಮಾತ್ರ ಒಂದರಿಂದ. 2024 ಅಂದ್ರೆ 124. ಎಲ್ಲಾನೂ ಇಂಟ್ (ಮಾಮೂಲಿ ಪೂರ್ಣಾಂಕ) ಆಗಿರೋದ್ರಿಂದ ಅದಲುಬದಲಾದ್ರೂ ಕಂಪೈಲರ್ (ಕೋಡನ್ನ ಯಂತ್ರಭಾಷೆಗೆ ಬದಲಿಸೋ ಪ್ರೋಗ್ರಾಂ) ತುಟಿ ಬಿಚ್ಚಲ್ಲ. ಇಲ್ಲಿ ವರ್ಷಕ್ಕೇ ಸ್ವಂತ ಟೈಪ್ ಇದೆ. 47ವೈ ಅಂದ್ರೆ ಕ್ರಿಸ್ತಶಕ 47ನೇ ಇಸವಿ, 1947 ಇರ್ಬೇಕು ಅಂತ ಊಹೆ ಮಾಡಲ್ಲ, ಅದೇ ಸರಿ. ಇನ್ನೊಂದು ಖುಷಿ ಅಂದ್ರೆ ನಾವು ಬರೆಯೋ ಥರಾನೇ ದಿನ ಮೊದಲು ಹಾಕ್ಬಹುದು. ಹೊಸಬ್ರಿಗೆ ತೋರ್ಸೋವಾಗ 1ಡಿ/11/1956 (ಡಿ ಅಂದ್ರೆ ದಿನ) ಕೊಟ್ಟು ವಾರ ಕೇಳ್ತೀನಿ, ಗುರುವಾರ ಅಂತ ಬರುತ್ತೆ, ಮೈಸೂರು ರಾಜ್ಯ ಒಂದಾದ ದಿನ.

ಈಗ ಎಡವೋ ಜಾಗಗಳು. ಮೊದಲನೇ ಭಾಗಕ್ಕೆ ಅಕ್ಷರ ಇದ್ರೆ ಸಾಕು, ಉಳಿದದ್ದು ಬರೀ ಅಂಕಿ ಆದ್ರೂ ನಡೆಯುತ್ತೆ, ಆದ್ರೆ ಆ ಮೊದಲನೇದ್ರಲ್ಲಿ ಬಿಟ್ರಿ ಅಂದ್ರೆ ಕಷ್ಟ. 2024/3/15ಡಿ ಅಂತ ಬರೆದ್ರೆ ಮೊದಲು ಮಾಮೂಲಿ ಭಾಗಾಕಾರ ಆಗಿ 674 ಬರುತ್ತೆ, ಅದನ್ನ ತಿಂಗಳು ಅಂದ್ಕೊಂಡು ಮುಂದೆ ಹೋಗುತ್ತೆ, ಆಟೋ ಹಾಕಿದ್ರೆ, ಅಂದ್ರೆ ಟೈಪ್ ಯಾವ್ದು ಅನ್ನೋದನ್ನ ಕಂಪೈಲರಿಗೇ ಬಿಟ್ರೆ, ಎರರ್ರೂ ಇಲ್ಲ. ಅದಕ್ಕೇ ತಾರೀಕಿನ ಟೈಪ್ ಹೆಸರು ಪೂರ್ತಿ ಬರೀರಿ, ಆಗ ಕಂಪೈಲರ್ರೇ ತಡೆಯುತ್ತೆ. 08ಡಿ ಅಂತ ಮುಂದೆ ಸೊನ್ನೆನೂ ಹಾಕ್ಬೇಡಿ, ಅದು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಆಗುತ್ತೆ.

ಇನ್ನೂ ದೊಡ್ಡದು ಇಯರ್ ಮತ್ತೆ ಇಯರ್ಸ್. ಇಯರ್ ಅಂದ್ರೆ ಇಸವಿ, ಇಯರ್ಸ್ ಅಂದ್ರೆ ಅವಧಿ, ಸರಾಸರಿ 365.2425 ದಿನ. ತಾರೀಕಿಗೆ ಒಂದು ಇಯರ್ಸ್ ಕೂಡ್ಸಿದ್ರೆ ಮುಂದಿನ ವರ್ಷದ ಅದೇ ತಾರೀಕು, ಸಿಸ್ಟಂ ಕ್ಲಾಕ್ ಕೊಡೋ ಸಮಯಕ್ಕೆ ಕೂಡ್ಸಿದ್ರೆ 365 ದಿನದ ಮೇಲೆ 5 ಗಂಟೆ 49 ನಿಮಿಷ 12 ಸೆಕೆಂಡು ಆಚೆ ಹೋಗಿರ್ತೀರಿ. ಕಂತಿನ ಗಡುವು ಲೆಕ್ಕ ಮಾಡೋರು ಇದನ್ನ ಗೋಡೆ ಮೇಲೆ ಬರೆದಿಟ್ಕೋಬೇಕು.

29 ಫೆಬ್ರವರಿ 2024ಕ್ಕೆ ಒಂದು ವರ್ಷ ಕೂಡ್ಸಿದ್ರೆ 2025ರ ಫೆಬ್ರವರಿ 29 ಅಂತಾನೇ ಇಟ್ಕೊಳ್ಳುತ್ತೆ, ಓಕೆ ಫಂಕ್ಷನ್ ಕರೆದ್ರೆ ಮಾತ್ರ ಇಂಥ ದಿನ ಇಲ್ಲ ಅನ್ನುತ್ತೆ. ತುಂಬಾ ಜನ ಇದಕ್ಕೆ ಬೈತಾರೆ, ನಾನು ಒಪ್ಪಲ್ಲ. 28ಕ್ಕೆ ಇಳಿಸ್ಬೇಕಾ ಮಾರ್ಚ್ 1ಕ್ಕೆ ತಳ್ಬೇಕಾ ಅನ್ನೋದು ಸಾಲದ ಕರಾರು ಹೇಳ್ಬೇಕು, ಲೈಬ್ರರಿ ಅಲ್ಲ. ತಿಂಗಳ ಕೊನೇ ದಿನಾನೇ ಬೇಕಿದ್ರೆ ಲಾಸ್ಟ್ ಅಂತ ಬರೆದ್ರಾಯ್ತು.

ಜಿಸಿಸಿ ಕಂಪೈಲರಿನ 11ನೇ ಆವೃತ್ತಿ ಇದ್ರೆ ಲಿಟರಲ್ ಕೆಲಸ ಮಾಡುತ್ತೆ, ಟೈಮ್‌ಝೋನ್ ಕೂಡ ಬೇಕು ಅಂದ್ರೆ 13ಕ್ಕೆ ಹೋಗಿ.