ಬೀಗ ಕಳೆದ ಕೀಲಿಕೈಗಳು: ಒಂದೇ ಝೀನ್ ಮೂರು ಥರ ಮಾಡಿ ನೋಡಿದೆ

ನನ್ನ ಹತ್ತಿರ ಒಂದು ಡಬ್ಬಿ ತುಂಬ ಕೀಲಿಕೈಗಳಿವೆ. ಅವುಗಳ ಬೀಗ ಯಾವುದೂ ಈಗ ಇಲ್ಲ. ಅವುಗಳ ಚಿತ್ರ ಬಿಡಿಸಿ, ಒಂದೊಂದರ ಕಥೆ ಬರೆದು ಝೀನ್ ಮಾಡಬೇಕು ಅನ್ನಿಸಿತು. ಝೀನ್ ಅಂದರೆ ನಾವೇ ಬರೆದು, ನಾವೇ ಪ್ರತಿ ಮಾಡಿ ಹಂಚುವ ಪುಟ್ಟ ಪತ್ರಿಕೆ. ಯಾವ ರೂಪ ಒಳ್ಳೆಯದು ಅಂತ ತಿಳಿಯಲು ಮೂರು ಥರ ಮಾಡಿದೆ: ಪಿಡಿಎಫ್, ಒಂದೇ ಹಾಳೆ ಮಡಚಿದ ಜೆರಾಕ್ಸ್ ಝೀನ್, ದಾರದಲ್ಲಿ ಹೊಲಿದ ಪುಸ್ತಿಕೆ.

ಪಿಡಿಎಫ್ ಒಂದೇ ಸಂಜೆಯಲ್ಲಿ ಮುಗಿಯಿತು. ಬಣ್ಣ ಚೆನ್ನಾಗಿ ಬಂತು. ತಪ್ಪು ಕಂಡರೆ ತಿದ್ದಿ ಮತ್ತೆ ಕಳಿಸಬಹುದು. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು; ಕಾಗದದಲ್ಲಿ ಆ ಅನುಕೂಲ ಇಲ್ಲ. 40 ಜನಕ್ಕೆ ಕಳಿಸಿದೆ. ಮೆಚ್ಚುಗೆಯ ಹೆಬ್ಬೆರಳು ತುಂಬ ಬಂದವು. ವಾರ ಬಿಟ್ಟು ಕೇಳಿದರೆ ಪೂರ್ತಿ ಓದಿದ್ದವರು ಮೂರೇ ಜನ. ಅವರನ್ನು ದೂರುವುದಿಲ್ಲ. ‘ಆಮೇಲೆ ಓದೋಣ’ ಅಂತ ಇಳಿಸಿಕೊಂಡ ಫೈಲುಗಳು ನನ್ನ ಫೋನಿನಲ್ಲೂ ಎಷ್ಟೋ ಇವೆ.

ನನ್ನ ಮನಸ್ಸು ಗೆದ್ದದ್ದು ಒಂದೇ ಹಾಳೆಯ ಝೀನ್. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ನಡುವಿನ ಉದ್ದ ಮಡಿಕೆಯಲ್ಲಿ, ಮಧ್ಯದ ಎರಡು ಮನೆಗಳಷ್ಟು ದೂರ ಮಾತ್ರ ಕತ್ತರಿಸಬೇಕು. ಮತ್ತೆ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ 8 ಪುಟದ ಪುಸ್ತಕ ಸಿದ್ಧ. ಪಿನ್ನು ಬೇಡ, ಅಂಟು ಬೇಡ. ಪುಟ 74 ಮಿ.ಮೀ. ಅಗಲ, 105 ಮಿ.ಮೀ. ಎತ್ತರ. ಅಂಗಿ ಜೇಬಿನಲ್ಲಿ ಆರಾಮಾಗಿ ಕೂರುತ್ತದೆ. ಬಿಚ್ಚಿದ ಹಾಳೆಯಲ್ಲಿ ಮೇಲಿನ ಸಾಲಿನ ನಾಲ್ಕು ಪುಟ ತಲೆಕೆಳಗಾಗಿ ಇರಬೇಕು. ಅದನ್ನು ಮರೆತು ಮೊದಲ 20 ಪ್ರತಿ ದಂಡವಾದವು.

ಜೆರಾಕ್ಸ್ ಯಂತ್ರ ಪೆನ್ಸಿಲ್ಲಿನ ತೆಳು ನೆರಳನ್ನು ನುಂಗಿಬಿಡುತ್ತದೆ. ಅಂಚಿನಲ್ಲಿ ನಾಲ್ಕೈದು ಮಿ.ಮೀ. ಬರುವುದೇ ಇಲ್ಲ. ಸಣ್ಣ ಒತ್ತಕ್ಷರಗಳು ಕಪ್ಪಾಗಿ ಕೂಡಿಕೊಳ್ಳುತ್ತವೆ. ಕಪ್ಪು ಪೆನ್ನಿನಲ್ಲಿ ದಪ್ಪಗೆ, ಅಂಚಿನಿಂದ ಒಳಗೆ ಬರೆದ ಮೇಲೆ ಸರಿಹೋಯಿತು. ಪಿಡಿಎಫ್‌ನಲ್ಲಿ ಒಂದೊಂದು ಕೀಲಿಕೈಗೂ ಎರಡು ಪ್ಯಾರಾ ಬರೆದಿದ್ದೆ. ಇಲ್ಲಿ ಅಷ್ಟು ಜಾಗ ಎಲ್ಲಿ? ಮುಂದಿನ, ಹಿಂದಿನ ರಕ್ಷಾಪುಟ ಬಿಟ್ಟರೆ ಆರು ಕೀಲಿಕೈ, ಪ್ರತಿಯೊಂದಕ್ಕೆ ನಾಲ್ಕು ಸಾಲು. ಸುಮ್ನೆ ಬರೆದದ್ದೆಲ್ಲ ಉದುರಿಹೋಗಿ, ಹೇಳಲೇಬೇಕಾದದ್ದು ಉಳಿಯಿತು.

1930ರಲ್ಲಿ ಶಿಕಾಗೊದ ವಿಜ್ಞಾನ ಕಥೆಗಳ ಅಭಿಮಾನಿಗಳು ತಮ್ಮದೇ ಪತ್ರಿಕೆ ಶುರುಮಾಡಿದಾಗ ಜೆರಾಕ್ಸ್ ಯಂತ್ರ ಇರಲಿಲ್ಲ. ಅಂಥ ಪತ್ರಿಕೆಗೆ ‘ಫ್ಯಾನ್‌ಝೀನ್’ ಅನ್ನುವ ಹೆಸರು ಬಂದದ್ದು 1940ರಲ್ಲಿ. ಝೀನ್ ಅನ್ನುವುದು ಅದರ ಬಾಲ. ಸಾದಾ ಕಾಗದದ ಮೇಲೆ ಪ್ರತಿ ತೆಗೆಯುವ ಝೆರಾಕ್ಸ್ 914 ಯಂತ್ರ ಬಂದದ್ದು 1959ರಲ್ಲಿ. 1976ರಲ್ಲಿ ಲಂಡನ್ನಿನ ಪಂಕ್ ಸಂಗೀತದ ಅಭಿಮಾನಿಗಳು ಟೈಪ್ ಮಾಡಿ, ದಪ್ಪ ಪೆನ್ನಿನಲ್ಲಿ ತಲೆಬರಹ ಗೀಚಿ, ಪ್ರತಿ ತೆಗೆದು ಹಂಚುತ್ತಿದ್ದರು. ಆ ಒರಟು ಕಪ್ಪು ಬಿಳುಪು ನನಗೆ ಇವತ್ತಿಗೂ ಇಷ್ಟ.

60 ಪ್ರತಿ ಹಂಚಿದೆ. ತೆಗೆದುಕೊಂಡವರು ಅಲ್ಲೇ ನಿಂತು ಓದಿದರು. ಎರಡು ನಿಮಿಷದ ಓದು ಅಲ್ವಾ, ಮುಂದೂಡುವ ಮಾತೇ ಬರಲಿಲ್ಲ. ಓದಿ ಮುಗಿಸಿದವರು ‘ನಮ್ಮನೇಲೂ ಇಂಥದ್ದೊಂದಿದೆ’ ಅಂತ ಶುರುಮಾಡಿದರು. ಒಬ್ಬರು ತಮ್ಮ ಕೀಲಿಕೈ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅದರ ಗುರುತು ತಂದುಕೊಟ್ಟರು.

ಹೊಲಿದ ಪುಸ್ತಿಕೆ ನೋಡಲು ಎಲ್ಲಕ್ಕಿಂತ ಚೆಂದ. ನಡುವೆ ಮಡಚಿದ ಐದು ಎ4 ಹಾಳೆ, 20 ಪುಟ. ಹಾಳೆಯ ಒಂದು ಮೈಮೇಲೆ ಅಕ್ಕಪಕ್ಕ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ 21 ಬರಬೇಕು. ಈ ಲೆಕ್ಕ ಗೊತ್ತಾದ ಮೇಲೆ ಗೊಂದಲ ಹೋಯಿತು. ಮಡಿಕೆಯಲ್ಲಿ ಮೂರು ತೂತು ಮಾಡಿ, ನಡುವಿನ ತೂತಿನಿಂದ ಶುರುಮಾಡಿ ಅಲ್ಲೇ ಗಂಟು ಹಾಕಬೇಕು. ದಾರಕ್ಕೆ ಪಿನ್ನಿನ ಹಾಗೆ ತುಕ್ಕಿನ ಭಯವಿಲ್ಲ. ಆದರೆ 12 ಪ್ರತಿಗೆ ಎರಡು ಭಾನುವಾರ ಹೋದವು. ಪಡೆದವರು ಜೋಪಾನವಾಗಿ ಕಪಾಟಿನಲ್ಲಿಟ್ಟರು. ಇನ್ನೊಬ್ಬರ ಕೈಗೆ ಕೊಡಲಿಲ್ಲ. ಉಡುಗೊರೆಗೆ ಇದಕ್ಕಿಂತ ಒಳ್ಳೆಯದಿಲ್ಲ, ಕೈಯಿಂದ ಕೈಗೆ ಓಡಾಡುವುದಕ್ಕೆ ಮಾತ್ರ ಇದು ಜಾಸ್ತಿಯಾಯಿತು.

ಹಾಗಾಗಿ ಒಂದೇ ಹಾಳೆಯದ್ದನ್ನೇ ಮುಂದುವರಿಸುತ್ತಿದ್ದೇನೆ. ಪಿಡಿಎಫ್ ಬಿಟ್ಟಿಲ್ಲ. ಈಗ ಅದರಲ್ಲಿ ಬಿಚ್ಚಿದ ಹಾಳೆಯನ್ನೇ ಇಡುತ್ತೇನೆ, ಎಲ್ಲಿ ಕತ್ತರಿಸಬೇಕೋ ಅಲ್ಲಿ ಚುಕ್ಕಿ ಗೆರೆ ಹಾಕಿ. ದೂರದ ಗೆಳತಿಯೊಬ್ಬಳು ಅದನ್ನು ಪ್ರಿಂಟ್ ತೆಗೆದು, ತಾನೇ ಮಡಚಿ, ಹಿಂದಿನ ಪುಟದ ಖಾಲಿ ಜಾಗದಲ್ಲಿ ತನ್ನದೊಂದು ಕೀಲಿಕೈ ಬಿಡಿಸಿ ಅಂಚೆಯಲ್ಲಿ ವಾಪಸ್ ಕಳಿಸಿದಳು. ಎರಡನೇ ಸಂಚಿಕೆಯ ಮೊದಲ ಚಿತ್ರ ಅದೇ.