ಜೋಂಬೀಸ್ ಏಟ್ ಮೈ ನೇಬರ್ಸ್: ನನ್ನ ತಮ್ಮ ಊರಲ್ಲಿದ್ದರೆ ಐದು ಸ್ಟಾರ್, ಇಲ್ಲದಿದ್ದರೆ ಎರಡು

ಎರಡು ವರ್ಷ ಆಡಿದ ಮೇಲೆ ಬರೆಯುತ್ತಿದ್ದೇನೆ. ಇದು ಲ್ಯೂಕಸ್‌ಆರ್ಟ್ಸ್‌ನವರ 1993ರ ಆಟ, 2021ರಲ್ಲಿ ಪಿಸಿ, ನಿಂಟೆಂಡೊ ಸ್ವಿಚ್‌ಗೆಲ್ಲ ಮತ್ತೆ ಬಂತು. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬರುವವರೆಗೂ ಕಾದು ತಗೊಂಡೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹೊಸ ಆಟ ಹಾಕಿದರೆ ಫ್ಯಾನ್ ಕಿರುಚಿ ನಿಂತುಬಿಡುತ್ತದೆ. ಇದು ಮಾತ್ರ ಒಂಚೂರೂ ತಡವರಿಸದೆ ಓಡುತ್ತದೆ. ಜೊತೆಗೆ ಘೂಲ್ ಪಟ್ರೋಲ್ ಅಂತ ಇನ್ನೊಂದು ಆಟವೂ ಇದೆ. ಎರಡು ಸಲ ತೆರೆದೆ, ಮುಚ್ಚಿದೆ.

ಕೈಯಲ್ಲಿ ನೀರಿನ ಪಿಚಕಾರಿ ಹಿಡಿದು ಅಕ್ಕಪಕ್ಕದವರನ್ನು ಜೋಂಬಿಗಳಿಂದ, ಅಂದರೆ ಎದ್ದು ಓಡಾಡುವ ಹೆಣಗಳಿಂದ, ಉಳಿಸೋದು, ಅಷ್ಟೇ ಆಟ. ಶುರುವಿಗೆ ಹತ್ತು ಜನ. ಮೂರು ಜನ ಸತ್ತರೆ ಮುಂದಿನ ಲೆವೆಲ್‌ನಲ್ಲಿ ಏಳೇ ಜನ ಇರುತ್ತಾರೆ, ಅಂಕ ಚೆನ್ನಾಗಿ ಸೇರಿದರೆ ಒಬ್ಬರು ವಾಪಸ್ ಸಿಗುತ್ತಾರೆ. ಎಲ್ಲರೂ ಹೋದರೆ ಮುಗೀತು. ಲೆವೆಲ್ 4ರಲ್ಲಿ ಗರಗಸದವನಿಗೆ ಹೆದರಿ ಗಿಡದ ಬೇಲಿ ಹಿಂದೆ ಬಚ್ಚಿಟ್ಟುಕೊಂಡೆ, ಆ ಪುಣ್ಯಾತ್ಮ ಬೇಲಿಯನ್ನೇ ಕೊಯ್ದುಕೊಂಡು ಬಂದ!

ನಮ್ಮ ಮನೆಯಲ್ಲಿ ಇದು ಭಾನುವಾರ ಸಂಜೆಯ ಆಟ. ನನ್ನ ತಮ್ಮ ಓಣಿ ತಿರುವಿನ ಬಂಡಿಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಕೈಯ ಎಣ್ಣೆ ಒರೆಸೋಕೆ ಅಪ್ಪನ ಹಳೆ ಲುಂಗಿಯ ತುಂಡು. ಕಂಟ್ರೋಲರ್ ಎರಡು, ಒಂದರ ಸ್ಟಿಕ್ ತಾನಾಗೇ ಮೇಲಕ್ಕೆ ಎಳೆಯುತ್ತದೆ, ಅದು ಯಾರ ಪಾಲಿಗೆ ಅಂತ ಟಾಸ್ ಹಾಕುತ್ತಿದ್ದೆವು. ಇಬ್ಬರಿಗೂ ಒಂದೇ ಸ್ಕ್ರೀನ್, ಒಬ್ಬ ಹಿಂದೆ ಬಿದ್ದರೆ ಇನ್ನೊಬ್ಬ ಮುಂದೆ ಹೋಗೋಕೆ ಆಗಲ್ಲ. ಅದಕ್ಕೇ ಅರ್ಧ ಜಗಳ. ಉಳಿದರ್ಧ ಬೆಳ್ಳಿ ಚಮಚಗಳಿಗೆ. ತೋಳಮನುಷ್ಯನಿಗೆ ಅದರದ್ದು ಒಂದೇ ಏಟು ಸಾಕು, ಇವನು ಅದನ್ನು ಸುಮ್ನೆ ಸಾದಾ ಜೋಂಬಿಗಳ ಮೇಲೆ ಎಸೆದು ಖಾಲಿ ಮಾಡುತ್ತಿದ್ದ.

ಒಂದು ಸಲ ಇವನು "ಅಣ್ಣಾ, ಪಾಪು ಸತ್ತೋತು, ಮೇಷ್ಟ್ರೂ ಸತ್ರು!" ಅಂತ ಕೂಗಿದ್ದಕ್ಕೆ ಗೋಡೆಯಾಚೆಯ ಅಜ್ಜಿ ಬಾಗಿಲಿಗೆ ಬಂದು, "ಯಾರು ತೀರಿಕೊಂಡ್ರೋ ತಮ್ಮಾ?" ಅಂದಳು. ಅಮ್ಮ ಒಂದು ವಾರ ಟಿವಿ ಮುಟ್ಟೋಕೆ ಬಿಡಲಿಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ. 1720 ಮೆಗಾವ್ಯಾಟ್‌ನ ಶಕ್ತಿನಗರ ವಿದ್ಯುತ್ ಸ್ಥಾವರ ಇರೋದು ನಮ್ಮ ರಾಯಚೂರಲ್ಲೇ, ಇರಲಿ ಬಿಡಿ. ಟಿವಿ ಆರಿದರೆ ಲ್ಯಾಪ್‌ಟಾಪನ್ನು ಮಾಳಿಗೆ ಮೇಲೆ ಒಯ್ದು ಭುಜಕ್ಕೆ ಭುಜ ಹಚ್ಚಿ ಆಡುತ್ತಿದ್ದೆವು. ಬ್ಯಾಟರಿ ಮುಕ್ಕಾಲು ಗಂಟೆ ಬಂದರೆ ಹೆಚ್ಚು.

ಹೋದ ವರ್ಷ ತಮ್ಮನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಆಗ ಗೊತ್ತಾಯಿತು, ಈ ಆಟದಲ್ಲಿ ಆನ್‌ಲೈನ್ ಕೋ-ಆಪ್, ಅಂದರೆ ನೆಟ್‌ನಲ್ಲಿ ದೂರದಿಂದಲೇ ಜೊತೆಗೂಡಿ ಆಡೋದು, ಇಲ್ಲವೇ ಇಲ್ಲ. ಇಬ್ಬರು ಆಡಬೇಕಂದ್ರೆ ಒಂದೇ ಕಡೆ ಕೂರಬೇಕು. 1993ರಲ್ಲಿ ಸರಿ, 2021ರಲ್ಲಿ ಮತ್ತೆ ಮಾರುವಾಗ ಅದೊಂದು ಸೇರಿಸಬಹುದಿತ್ತಲ್ವಾ? ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಹಾಕಿ ನೋಡಿದೆವು. ನನ್ನ ಸ್ಕ್ರೀನ್ ಅವನಿಗೆ ಕಾಣುತ್ತದೆ, ಆದರೆ ಅವನು ಬಟನ್ ಒತ್ತಿ ನೀರು ಚಿಮ್ಮುವಷ್ಟರಲ್ಲಿ ಜೋಂಬಿ ಪಾಪುವನ್ನು ಮುಗಿಸಿರುತ್ತದೆ. ತಪ್ಪು ನಮ್ಮ ನೆಟ್‌ನದ್ದೇ ಇರಬಹುದು. ಇಪ್ಪತ್ತು ನಿಮಿಷಕ್ಕೆ ಇಬ್ಬರೂ ಬೈದುಕೊಂಡು ಮುಚ್ಚಿದೆವು.

ಒಬ್ಬನೇ ಆಡೋರಿಗೆ ಇದನ್ನು ತಗೊಳ್ಳಿ ಅನ್ನಲ್ಲ. ಲೆವೆಲ್ 48 ಇವೆ, ಹತ್ತು ದಾಟಿದ ಮೇಲೆ ಒಂಟಿಯಾಗಿ ಬರೀ ಓಡಾಟ. ಮನೆಯಲ್ಲಿ ಅಣ್ಣ-ತಮ್ಮ, ಅಕ್ಕ-ತಂಗಿ ಯಾರಾದರೂ ಇದ್ದರೆ ಸೇಲ್‌ನಲ್ಲಿ ಕಣ್ಣುಮುಚ್ಚಿ ತಗೊಳ್ಳಿ.

ದೀಪಾವಳಿಗೆ ಬಂದಾಗ ಆರು ಜನರನ್ನು ಉಳಿಸಿ ಸೇವ್ ಮಾಡಿಟ್ಟು ಹೋಗಿದ್ದ. ಮೊನ್ನೆ ಫೋನಲ್ಲಿ, "ಅಣ್ಣಾ, ನಾ ಇಲ್ದಾಗ ಅದನ್ನ ಮುಟ್ಟಿಲ್ಲ ಹೌದಿಲ್ಲೋ?" ಅಂದ. ಮುಟ್ಟಿಲ್ಲ ಅಂದೆ. ಈಗ ನಾಲ್ಕೇ ಜನ ಇದ್ದಾರೆ, ಯುಗಾದಿಗೆ ಬರುತ್ತಾನೆ.